ಅಮೆರಿಕದವರ ಮನೆಗೆ ಮರ ಎಣಿಸುವ ಕೆಲಸ

“ಮಗಳದ್ದು ಎಂತ ಕೆಲಸ?” ಎಂದು ಯಾರಾದರೂ ಕೇಳಿದರೆ ನಮ್ಮಪ್ಪನ ಉತ್ತರ ಒಂದೇ: “ಅಮೆರಿಕದವರ ಮನೆಗೆ ಮರ ಎಣಿಸ್ತದೆ.” ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, “ಹೌದಾ” ಎಂದು ಅಡಿಕೆ ರೇಟಿನ ಕಡೆ ಮಾತು ತಿರುಗಿಸುತ್ತಾರೆ.

ಅಪ್ಪ ಹೇಳುವುದು ಸುಳ್ಳೇನಲ್ಲ. ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವುದು ಅದನ್ನೇ. ಕಾರವಾರದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿ, ಬೆಂಗಳೂರಿನ ಒಂದು ಡ್ರಾಫ್ಟಿಂಗ್ ಕಚೇರಿಯಲ್ಲಿ ಕೂತಿದ್ದವಳು ಲಾಕ್‌ಡೌನಿನಲ್ಲಿ ಕಂಪ್ಯೂಟರ್ ಹೊತ್ತುಕೊಂಡು ಶಿರಸಿಗೆ ಬಂದೆ. ವಾಪಸು ಹೋಗಲಿಲ್ಲ. ಈಗ ವಾಷಿಂಗ್ಟನ್ ರಾಜ್ಯದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ಮನೆಗಳ ಫ್ರೇಮಿಂಗ್ ನಕ್ಷೆ, ಅಂದರೆ ಮರದ ಚೌಕಟ್ಟಿನ ನಕ್ಷೆ, ಬರೆದುಕೊಡುತ್ತೇನೆ. ಅಲ್ಲಿ ಬೆಳಿಗ್ಗೆ ಎಂಟಾದಾಗ ಇಲ್ಲಿ ರಾತ್ರಿ ಎಂಟೂವರೆ, ಅವರ ಚಳಿಗಾಲದಲ್ಲಿ ಒಂಬತ್ತೂವರೆ. ಅಪ್ಪ ಆಚಾರಿ. ನಲವತ್ತು ವರ್ಷ ಬಾಗಿಲು, ಕಿಟಕಿ, ಮಾಡಿನ ಕೆಲಸ ಮಾಡಿದವರು. ಈಗ ಮೊಣಕಾಲು ಮಾತು ಕೇಳುವುದಿಲ್ಲ. ರಾತ್ರಿ ಊಟ ಮುಗಿಸಿ, ಕವಳ ಹಾಕಿಕೊಂಡು, ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಸ್ಕ್ರೀನು ನೋಡುತ್ತಾರೆ. ಅದೇ ಅವರ ಟಿವಿ.

ಪಕ್ಕದ ಮನೆಯ ಹುಡುಗ ಈ ವರ್ಷ ಡಿಪ್ಲೊಮಾ ಮುಗಿಸಿದ. ಮೊನ್ನೆ ಬಂದು, “ಅಕ್ಕಾ, ಫ್ರೇಮಿಂಗ್ ಡ್ರಾಯಿಂಗ್ ಓದೋದು ಹೇಗೆ ಹೇಳ್ಕೊಡಿ. ಯೂಟ್ಯೂಬಲ್ಲಿ ನೋಡಿದೆ, ಬರೀ ಗೆರೆ ಕಾಣ್ತದೆ” ಅಂದ. ಎರಡು ಸಂಜೆ ಕೂರಿಸಿಕೊಂಡು ಹೇಳಿದೆ. ಅವನಿಗೆ ಹೇಳಿದ್ದು, ಹೇಳುವಾಗ ಮರೆತದ್ದು, ಎರಡನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮಲ್ಲಿ ಮನೆ ಎಂದರೆ ಚಿರೆಕಲ್ಲಿನ ಗೋಡೆ. ಭಾರ ಹೊರುವುದು ಕಲ್ಲು, ಮರ ಏನಿದ್ದರೂ ಮೇಲಿನ ಮಾಡಿಗೆ, ಅಟ್ಟಕ್ಕೆ, ಬಾಗಿಲ ದಾರಂದಕ್ಕೆ. ಅಲ್ಲಿ ಗೋಡೆಯೇ ಮರ. ತೆಳ್ಳಗಿನ ಕೋಲುಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಕೆಳಗೆ ಪಟ್ಟಿ ಹೊಡೆದು, ಹೊರಗಡೆ ಪ್ಲೈವುಡ್ಡಿನಂಥ ಶೀಟು, ಒಳಗಡೆ ಜಿಪ್ಸಮ್ ಬೋರ್ಡು, ನಡುವಿನ ಖಾಲಿ ಜಾಗದಲ್ಲಿ ಚಳಿ ತಡೆಯುವ ಹತ್ತಿಯಂಥದ್ದನ್ನು ತುಂಬುತ್ತಾರೆ. ನಿಂತ ಕೋಲು ಸ್ಟಡ್, ಮಲಗಿದ ಪಟ್ಟಿ ಪ್ಲೇಟ್, ನೆಲ ಹೊರುವ ಅಡ್ಡಮರ ಜಾಯಿಸ್ಟ್, ಮಾಡಿನ ಇಳಿಜಾರು ಮರ ರಾಫ್ಟರ್. ಈ ರಾಫ್ಟರ್ ಬೇರೇನಲ್ಲ, ನಮ್ಮ ಪಕಾಸು. ಕಟ್ಟುತ್ತಿರುವ ಮನೆಯ ಫೋಟೋವನ್ನು ಅಪ್ಪ ಮೊದಲ ಸಲ ನೋಡಿದಾಗ, “ಇದೆಂತ ಮನೆ ಮಾರಾಯ್ತಿ, ಮದುವೆ ಚಪ್ಪರ ಇದ್ದ ಹಾಗೆ ಇದ್ಯಲ” ಅಂದಿದ್ದರು. ನಗು ಬಂತು, ಆದರೆ ಅಂದಿನಿಂದ ನಾನು ಫ್ರೇಮಿಂಗನ್ನು ಮನಸ್ಸಿನಲ್ಲಿ ಹಂದರ ಅಂತಲೇ ಕರೆಯುವುದು.

ಮೊದಲ ಜಗಳ ಅಳತೆಯ ಮೇಲೆ. ನಕ್ಷೆಯಲ್ಲಿ ‘2×4’ ಎಂದು ಬರೆದಿರುತ್ತದೆ. ಕೈಗೆ ಬರುವ ಮರ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. ‘2×6’ ಎಂದರೆ ಅಗಲ ಐದೂವರೆ, ‘2×10’ ಎಂದರೆ ಒಂಬತ್ತೂಕಾಲು. ಹಸಿಮರ ಕೊಯ್ದಾಗ ಇದ್ದ ಲೆಕ್ಕದ ಹೆಸರು ಅದು. ಒಣಗಿಸಿ ನಾಲ್ಕೂ ಮುಖ ಕೀಸಿ ನುಣ್ಣಗೆ ಮಾಡುವ ಹೊತ್ತಿಗೆ ಇಷ್ಟು ಉಳಿಯುತ್ತದೆ. ಹೆಸರು ಮಾತ್ರ ಹಳೆಯದೇ ಉಳಿದುಬಿಟ್ಟಿದೆ. ಇದನ್ನು ಅಪ್ಪನಿಗೆ ಹೇಳಿದ ದಿನ ಅವರ ಕವಳ ಬಾಯಲ್ಲೇ ನಿಂತಿತ್ತು. “ನಮ್ಮ ಸಾಮಿಲ್ಲಿನವ ಹೀಗೆ ಕೊಟ್ಟಿದ್ರೆ ಮರ ಅವನ ಅಂಗಳದಲ್ಲೇ ಹೊತ್ತಾಕಿ ಬರ್ತಿದ್ದೆ.” ಡ್ರಾಫ್ಟಿಂಗಿಗೆ ಹೊಸದಾಗಿ ಬಂದವರು ತಪ್ಪುವುದೂ ಇಲ್ಲೇ. ನಾಲ್ಕು ಇಂಚಿನ ಗೋಡೆ ಎಂದು ಗೆರೆ ಎಳೆದರೆ ಮನೆಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಎರಡು ಮೂರು ಇಂಚು ಎಲ್ಲೋ ಕಳೆದುಹೋಗಿರುತ್ತದೆ.

ಎರಡನೆಯದು 16 ಇಂಚು. ಸ್ಟಡ್‌ನಿಂದ ಸ್ಟಡ್‌ಗೆ, ನಡುವಿನಿಂದ ನಡುವಿಗೆ, 16 ಇಂಚು. ಕೆಲವು ಕಡೆ 24. ನಕ್ಷೆಯಲ್ಲಿ ‘16 ಇಂಚು ಓ.ಸಿ.’ ಎಂದಿರುತ್ತದೆ. ಹುಡುಗ ಕೇಳಿದ, ಹದಿನಾರೇ ಯಾಕೆ, ಹದಿನೈದು ಯಾಕಲ್ಲ? ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿಬಿಟ್ಟರು: “ರೀಪು ಎಷ್ಟು ದೂರಕ್ಕೆ ಹೊಡೀತಾರೆ? ಹಂಚು ಇಟ್ಟು ನೋಡಿ ಹೊಡೀತಾರೆ. ಅವರದ್ದೂ ಎಂತದೋ ಹಂಚು ಇರ್ತದೆ.” ಸರಿಯಾದ ಉತ್ತರ. ಅವರ ಹಂಚು ಎಂದರೆ ನಾಲ್ಕಡಿ ಅಗಲ, ಎಂಟಡಿ ಉದ್ದದ ಶೀಟು. ನಾಲ್ಕಡಿ ಎಂದರೆ 48 ಇಂಚು. ಅದನ್ನು 16 ಭಾಗಿಸುತ್ತದೆ, 24 ಭಾಗಿಸುತ್ತದೆ, 15 ಭಾಗಿಸುವುದಿಲ್ಲ. ಶೀಟಿನ ಅಂಚು ಯಾವುದಾದರೊಂದು ಕೋಲಿನ ಮೇಲೆ ಬಂದು ಕೂರಲೇಬೇಕು, ಇಲ್ಲವಾದರೆ ಮೊಳೆ ಗಾಳಿಗೆ ಹೊಡೆದಂತೆ. ಅಲ್ಲಿನ ಟೇಪುಗಳಲ್ಲಿ 16ಕ್ಕೊಂದು ಕೆಂಪು ಗುರುತು, 19.2 ಇಂಚಿಗೊಂದು ಕಪ್ಪು ವಜ್ರದ ಗುರುತು ಇರುತ್ತದೆ. ಎಂಟಡಿಯ ಶೀಟನ್ನು ಐದು ಸಮಭಾಗ ಮಾಡಿದರೆ ಬರುವುದು ಆ 19.2.

ಅಪ್ಪ ನಿಜವಾಗಿ ಮೆಚ್ಚಿದ ಲೆಕ್ಕ ಇನ್ನೊಂದು. ಎಂಟಡಿ ಎತ್ತರದ ಕೋಣೆಗೆ ಗಿರಣಿಯಿಂದಲೇ ಕತ್ತರಿಸಿ ಬರುವ ಸ್ಟಡ್‌ನ ಉದ್ದ 92-5/8 ಇಂಚು. ಎಂಟಡಿ ಎಂದರೆ 96 ಅಲ್ಲವಾ? ಕೂಡಿಸಿ ನೋಡಿ: ಕೆಳಗೆ ಒಂದು ಪ್ಲೇಟು, ಮೇಲೆ ಎರಡು, ಒಂದೊಂದೂ ಒಂದೂವರೆ ಇಂಚು, ಒಟ್ಟು ನಾಲ್ಕೂವರೆ. ಅಲ್ಲಿಗೆ 97-1/8. ಸೂರಿನ ಜಿಪ್ಸಮ್ ಬೋರ್ಡಿನ ದಪ್ಪ 5/8 ಕಳೆದರೆ 96-1/2. ನಾಲ್ಕಡಿಯ ಬೋರ್ಡು ಎರಡು ಅಡ್ಡಡ್ಡ ಒಂದರ ಮೇಲೊಂದು ಕೂರುತ್ತವೆ, ಕೆಳಗೆ ಅರ್ಧ ಇಂಚು ಬಿಡುವು, ಅದನ್ನು ಮರದ ಪಟ್ಟಿ ಮುಚ್ಚುತ್ತದೆ. ಸೈಟಿನಲ್ಲಿ ಗರಗಸ ಮುಟ್ಟುವಂತಿಲ್ಲ. ಅಪ್ಪ ಬೆರಳಿನಲ್ಲಿ ಎರಡು ಸಲ ಎಣಿಸಿ, “ಇದನ್ನು ಮಾಡಿದವ ಬಡಗಿಯೇ, ಇಂಜಿನಿಯರಲ್ಲ” ಅಂದರು.

ಈಗ ನಕ್ಷೆ. ಹೊಸಬರು ಸೀದಾ ಪ್ಲಾನಿಗೆ ಹೋಗಿ ಗೆರೆಗಳ ಕಾಡಿನಲ್ಲಿ ಕಳೆದುಹೋಗುತ್ತಾರೆ. ಮೊದಲು ಓದಬೇಕಾದ್ದು ಯಾರೂ ಓದದ ಹಾಳೆ, ಜನರಲ್ ನೋಟ್ಸ್. ಹಿಮದ ಭಾರ ಚದರಡಿಗೆ ಎಷ್ಟು ಪೌಂಡ್, ಗಾಳಿ ಎಷ್ಟು, ಭೂಕಂಪದ ವರ್ಗ ಯಾವುದು, ಮರದ ಜಾತಿ ಮತ್ತು ಗ್ರೇಡ್ ಯಾವುದು, ಎಲ್ಲ ಅಲ್ಲಿರುತ್ತದೆ. ಆಮೇಲೆ ಚಿಹ್ನೆಗಳ ಪಟ್ಟಿ. ಅದು ಕಚೇರಿಗೊಂದು ಥರ. ಒಬ್ಬರು ಮೇಲಿಂದ ಇಳಿಯುವ ಕಂಬಕ್ಕೆ ಚೌಕದೊಳಗೆ ಗುಣಾಕಾರ ಚಿಹ್ನೆ ಹಾಕಿದರೆ ಇನ್ನೊಬ್ಬರು ಅದನ್ನೇ ಕೆಳಗಿನ ಕಂಬಕ್ಕೆ ಹಾಕುತ್ತಾರೆ. ಎರಡು ತುದಿಗೂ ಬಾಣವಿರುವ ಉದ್ದ ಗೆರೆ ಕಂಡರೆ ಜಾಯಿಸ್ಟ್ ಅಥವಾ ರಾಫ್ಟರ್ ಆ ದಿಕ್ಕಿನಲ್ಲಿ ಓಡುತ್ತದೆ ಎಂದರ್ಥ. ಎಲ್ಲ ಕೋಲುಗಳನ್ನೂ ಬರೆಯುವುದಿಲ್ಲ, ಒಂದು ಬಾಣ ಎಳೆದು ‘2×10, 16 ಇಂಚು ಓ.ಸಿ.’ ಎಂದು ಬಿಡುತ್ತಾರೆ. ‘ಟಿವೈಪಿ’ ಎಂದರೆ ಉಳಿದ ಕಡೆಯೂ ಹೀಗೇ. ‘ಯು.ಎನ್.ಓ.’ ಎಂದರೆ ಬೇರೆ ಹೇಳದಿದ್ದರೆ ಹೀಗೆ. ಈ ಎರಡು ಪುಟ್ಟ ಗುರುತುಗಳ ಬೆನ್ನಿಗೆ ಅರ್ಧ ಮನೆ ನಿಂತಿರುತ್ತದೆ. ನನ್ನ ಮಾನ ಹೋದದ್ದೂ ಅವುಗಳಿಂದಲೇ, ಅದಕ್ಕೆ ಬರುತ್ತೇನೆ.

ಇನ್ನೊಂದು ಗೊಂದಲವನ್ನು ಮೊದಲೇ ಹೇಳಿಬಿಡಬೇಕು. ಮಾಡಿನ ಫ್ರೇಮಿಂಗ್ ಹಾಳೆಯಲ್ಲಿ ಕಾಣುವ ಗೋಡೆಗಳು ಅದರ ಕೆಳಗಿನವು. ನೀವು ಮಾಡಿನ ಮೇಲೆ ನಿಂತು ಕೆಳಗೆ ನೋಡುತ್ತಿದ್ದೀರಿ, ಹಂಚು ಗಾಜಿನದಾಗಿದೆ ಅಂದುಕೊಳ್ಳಿ. ಮೊದಲ ಮಹಡಿಯ ಫ್ರೇಮಿಂಗ್ ಎಂದರೆ ಆ ಮಹಡಿಯ ನೆಲ ಹೊರುವ ಮರ, ಅಂದರೆ ಕೆಳಗಿನವರ ಸೂರು. ಇದು ತಲೆಗೆ ಹೋಗದೆ ನಾನು ಬೆಂಗಳೂರಿನಲ್ಲಿ ಒಂದು ತಿಂಗಳು ಒದ್ದಾಡಿದ್ದೆ.

ಹುಡುಗನಿಗೆ ಒಂದು ಕಿಟಕಿಯನ್ನೇ ಇಟ್ಟುಕೊಂಡು ಹೇಳಿದೆ. ಗೋಡೆಯಲ್ಲಿ ಕಿಟಕಿ ಎಂದರೆ ನಾಲ್ಕಾರು ಸ್ಟಡ್‌ಗಳನ್ನು ತೆಗೆದುಹಾಕಿದ್ದೇವೆ ಅಂತ. ಅವು ಹೊರುತ್ತಿದ್ದುದನ್ನು ಈಗ ಯಾರು ಹೊರಬೇಕು? ಕಿಟಕಿಯ ನೆತ್ತಿಯ ಮೇಲೆ ಮಲಗುವ ಅಡ್ಡಮರ, ಅದು ಹೆಡರ್. ಹೆಡರ್ ತನ್ನ ಎರಡು ತುದಿಗಳನ್ನು ಗಿಡ್ಡ ಕೋಲುಗಳ ತಲೆಯ ಮೇಲೆ ಊರುತ್ತದೆ, ಅವು ಜಾಕ್ ಸ್ಟಡ್. ಜಾಕ್‌ನ ಹೆಗಲಿಗೆ ಹೆಗಲು ಕೊಟ್ಟು, ಕೆಳಗಿನ ಪ್ಲೇಟಿನಿಂದ ಮೇಲಿನ ಪ್ಲೇಟಿನವರೆಗೆ ನಿಲ್ಲುವ ಪೂರ್ತಿ ಉದ್ದದ ಕೋಲು ಕಿಂಗ್ ಸ್ಟಡ್. ಹೆಡರ್ ಮೇಲೆ, ಕಿಟಕಿಯ ಕೆಳಗೆ ಉಳಿದ ತುಂಡು ಕೋಲುಗಳು ಕ್ರಿಪಲ್. ಭಾರ ಹೆಡರಿನ ಉದ್ದಕ್ಕೂ ಸರಿದು ಜಾಕ್‌ಗೆ ಇಳಿಯುತ್ತದೆ, ಜಾಕ್‌ನಿಂದ ನೆಲಕ್ಕೆ. ಕಿಟಕಿಯ ಕೆಳಗಿನ ತುಂಡುಗಳು ಕಿಟಕಿಯನ್ನು ಬಿಟ್ಟು ಬೇರೇನನ್ನೂ ಹೊರುವುದಿಲ್ಲ. ಎರಡು 2×10 ಹಲಗೆಗಳ ನಡುವೆ ಅರ್ಧ ಇಂಚು ಪ್ಲೈವುಡ್ ಇಟ್ಟು ಹೆಡರ್ ಮಾಡಿದರೆ ಒಂದೂವರೆ, ಅರ್ಧ, ಒಂದೂವರೆ, ಸರಿಯಾಗಿ ಮೂರೂವರೆ ಇಂಚು, ಗೋಡೆಯಷ್ಟೇ ದಪ್ಪ. ಅಪ್ಪನಿಗೆ ಇದರಲ್ಲಿ ಒಂದೇ ಬೇಸರ. ಮರಕ್ಕೆ ಮರ ಕಚ್ಚಿಸಿದ್ದು ಎಲ್ಲೂ ಇಲ್ಲ, ಎಲ್ಲ ಮೊಳೆ, ತಗಡಿನ ಕೊಕ್ಕೆ. “ಉಳಿ ಬೇಡ್ವಾ ಹಾಗಾದ್ರೆ?” ಎಂದು ಕೇಳಿದರು. ಬೇಡ, ಮೊಳೆ ಹೊಡೆಯುವ ಗನ್ ಸಾಕು ಅಂದಾಗ ಎದ್ದು ಮಲಗಲು ಹೋದರು.

ಈಗ ನನ್ನ ತಪ್ಪಿನ ವಿಷಯ. ಕಳೆದ ಜೂನಿನ ಮಾತು, ಮಳೆ ಹಿಡಿದು ನಾಲ್ಕನೇ ದಿನ. ಒಂದಂತಸ್ತಿನ ಮನೆ, 24 ಅಡಿ ಅಗಲ. ದೊಡ್ಡ ಕೋಣೆ 16 ಅಡಿ ಉದ್ದ. ಮೊದಲ ನಕ್ಷೆಯಲ್ಲಿ ಅದಕ್ಕೆ ಸಪಾಟು ಸೂರು ಇತ್ತು: ಎರಡು ಕಡೆಯಿಂದ ರಾಫ್ಟರ್ ಬಂದು ನೆತ್ತಿಯಲ್ಲಿ ಒಂದು ತೆಳು ಹಲಗೆಗೆ, ರಿಡ್ಜ್ ಬೋರ್ಡಿಗೆ, ತಲೆ ಕೊಟ್ಟಿದ್ದವು. ಕೆಳಗೆ ಸೂರಿನ ಜಾಯಿಸ್ಟ್‌ಗಳು ರಾಫ್ಟರುಗಳ ಕಾಲುಗಳನ್ನು ಕಟ್ಟಿಹಿಡಿದಿದ್ದವು. ಆಮೇಲೆ ಮನೆಯ ಯಜಮಾನರಿಗೆ ಸೂರು ಬೇಡವಾಯಿತು, ಮಾಡಿನ ನೆತ್ತಿಯವರೆಗೂ ತೆರೆದಿರಬೇಕು ಎಂಬ ಆಸೆ ಬಂತು. ಎಂಜಿನಿಯರು ರಿಡ್ಜ್ ಬೋರ್ಡಿನ ಜಾಗಕ್ಕೆ ರಿಡ್ಜ್ ಬೀಮ್ ಹಾಕಿದರು: ಪದರ ಪದರವಾಗಿ ಅಂಟಿಸಿದ ಎಲ್‌ವಿಎಲ್ ಮರ, 1-3/4 ಇಂಚು ದಪ್ಪದ ಮೂರು ಹಲಗೆ ಸೇರಿಸಿದ್ದು, 14 ಇಂಚು ಆಳ. ನಾನು ಮಾಡಿನ ಹಾಳೆಯಲ್ಲಿ ಗೆರೆ ಬದಲಿಸಿದೆ, ಜಾಯಿಸ್ಟ್ ಅಳಿಸಿದೆ, ಕಳಿಸಿದೆ.

ಮರುದಿನ ರಾತ್ರಿ ಹಾಳೆ ವಾಪಸು ಬಂತು. ಮಾಡಿನ ತುದಿಯ ತ್ರಿಕೋನ ಗೋಡೆಯ ನಡುವಿನ ಆರಡಿ ಕಿಟಕಿಯ ಸುತ್ತ ಕೆಂಪು ಮೋಡ, ಇಲ್ಲಿ ನೋಡು ಎನ್ನಲು ಎಳೆಯುವ ಅಲೆಅಲೆ ಗೆರೆ. ಪಕ್ಕದಲ್ಲಿ ಒಂದೇ ಸಾಲು: ಇದನ್ನು ಹೊರುತ್ತಿರುವುದು ಏನು?

ಯಾವುದನ್ನು ಎಂದೇ ನನಗೆ ಮೊದಲು ಹೊಳೆಯಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಕಿರುಚುತ್ತಿತ್ತು. ಅಪ್ಪ ಕತ್ತಲಲ್ಲೇ ಕೇಳಿದರು, “ಮೊದ್ಲು ಅಡ್ಡ ಕಟ್ಟಿದ್ದ ಮರ ಇತ್ತಲ, ಅದನ್ನ ತೆಗೆದ್ರೆ ಪಕಾಸಿನ ಕಾಲು ಹೊರಗೆ ಹೋಗೂದಿಲ್ವ?”

ಅವರಿಗೆ ನೆನಪಾದದ್ದು ಹುಲೇಕಲ್ ಕಡೆಯ ಒಂದು ಕೊಟ್ಟಿಗೆ. ಹುಲ್ಲು ತುಂಬಲು ಅಡ್ಡವಾಗುತ್ತದೆ ಎಂದು ಆ ಮನೆಯವರು ನಡುವಿನ ಅಡ್ಡತೊಲೆಯನ್ನು ಕೊಯ್ದು ತೆಗೆದಿದ್ದರು. ಬೇಸಿಗೆಯಲ್ಲಿ ಏನೂ ಆಗಲಿಲ್ಲ. ಮಳೆಗಾಲದಲ್ಲಿ ಹಂಚು ನೀರು ಕುಡಿದು ಭಾರವಾಯಿತು, ನೆತ್ತಿಯ ಹಂಚುಗಳ ನಡುವೆ ಬೆಳಕು ಕಂಡಿತು, ಕೊಟ್ಟಿಗೆಯ ಗೋಡೆ ತಲೆಯ ಹತ್ತಿರ ಗೇಣುದ್ದ ಹೊರಕ್ಕೆ ವಾಲಿತು. ಅಪ್ಪ ಹೋಗಿ, ಹಂಚು ಇಳಿಸಿ, ಎರಡು ಬದಿಗೂ ಹಗ್ಗ ಹಾಕಿ ಎಳೆಸಿ, ಹೊಸ ತೊಲೆ ಕೂರಿಸಿ ಬಂದಿದ್ದರು. ಪೇಂಟ್ ಹೊಡೆಯುವವರ ಎರಡು ಕಾಲಿನ ಏಣಿಗೆ ನಡುವೆ ಒಂದು ಹಗ್ಗ ಕಟ್ಟಿರುತ್ತಾರಲ್ಲ, ಅದನ್ನು ಬಿಚ್ಚಿದರೆ ಏಣಿ ಚಪ್ಪಟೆಯಾಗಿ ಮಲಗುತ್ತದೆ. ಅದೇ ಲೆಕ್ಕ.

ಎಂಜಿನಿಯರು ಅದಕ್ಕೇ ಬೀಮ್ ಹಾಕಿದ್ದು. ಏಣಿಯ ಹಗ್ಗ ತೆಗೆದರೂ ಅದರ ನೆತ್ತಿಯನ್ನು ಯಾರೋ ಮೇಲಿಂದ ಹಿಡಿದುಕೊಂಡಿದ್ದರೆ ಕಾಲು ಜಾರುವುದಿಲ್ಲ. ರಿಡ್ಜ್ ಬೋರ್ಡು ಎಂದರೆ ಎರಡು ಕಡೆಯ ರಾಫ್ಟರ್ ಮುಖಾಮುಖಿ ನಿಲ್ಲಲು ಒಂದು ನೆಪ, ಏನನ್ನೂ ಹೊರುವುದಿಲ್ಲ. ರಿಡ್ಜ್ ಬೀಮ್ ಮಾಡಿನ ಅರ್ಧ ಭಾರವನ್ನು ತಾನೇ ಹೊತ್ತು ಎರಡು ತುದಿಗೆ ಒಯ್ಯುತ್ತದೆ. ನಕ್ಷೆಯಲ್ಲಿ ಎರಡೂ ಒಂದೇ ಜಾಗದ ಒಂದು ಗೆರೆ. ನಾನು ಗೆರೆಯ ಹೆಸರು ಬದಲಿಸಿದ್ದೆ, ಅದರ ಭಾರ ಎಲ್ಲಿಗೆ ಹೋಯಿತೆಂದು ನೋಡಿರಲಿಲ್ಲ.

ಭಾರ ಎಷ್ಟು? ಇದನ್ನು ಹುಡುಗನ ಕೈಯಲ್ಲೇ ಲೆಕ್ಕ ಮಾಡಿಸಿದೆ. ಹಿಮ ಚದರಡಿಗೆ 40 ಪೌಂಡ್, ಮಾಡಿನ ಸ್ವಂತ ತೂಕ 15, ಒಟ್ಟು 55. ಮನೆಯ ಅಗಲ 24 ಅಡಿ. ಎರಡು ಬದಿಯ ಇಳಿಜಾರಿನಲ್ಲೂ ಅರ್ಧರ್ಧ ನೆತ್ತಿಗೆ, ಅರ್ಧರ್ಧ ಗೋಡೆಗೆ, ಹಾಗಾಗಿ ನೆತ್ತಿಯ ಪಾಲು 12 ಅಡಿ. ಉದ್ದ 16 ಅಡಿ, ಒಂದೊಂದು ತುದಿಗೆ ಅರ್ಧ, ಅಂದರೆ 8. ಐವತ್ತೈದನ್ನು ಹನ್ನೆರಡರಿಂದ, ಬಂದದ್ದನ್ನು ಎಂಟರಿಂದ ಗುಣಿಸಿದರೆ 5,280 ಪೌಂಡ್. ಸುಮಾರು 2,400 ಕಿಲೋ. 48 ಚೀಲ ಸಿಮೆಂಟನ್ನು ಒಂದು ಕೋಲಿನ ತಲೆಯ ಮೇಲೆ ಪೇರಿಸಿದ ಹಾಗೆ.

ಮರುದಿನ ಬೆಳಿಗ್ಗೆ ದೇವಿಕೆರೆ ಹತ್ತಿರ ಜೆರಾಕ್ಸ್ ಅಂಗಡಿಗೆ ಹೋಗಿ ಮೂರು ಹಾಳೆ ಎ3 ಪ್ರಿಂಟ್ ತಂದೆ: ಮಾಡಿನದು, ಗೋಡೆಯದು, ನೆಲ ಮತ್ತು ತಳಪಾಯದ್ದು. (ಪ್ರಿಂಟ್ ತೆಗೆಸುವವರಿಗೆ ಒಂದು ಮಾತು: ಮೂಲ ಹಾಳೆ 24×36 ಇಂಚಿನದು, ಅದರಲ್ಲಿ ಕಾಲು ಇಂಚಿಗೆ ಒಂದಡಿ. ಎ3ಗೆ ಕುಗ್ಗಿಸಿದ ಮೇಲೆ ಆ ಲೆಕ್ಕ ಕೆಟ್ಟಿರುತ್ತದೆ. ಸ್ಕೇಲಿಟ್ಟು ಅಳೆಯಬೇಡಿ, ಬರೆದ ಅಂಕಿಯನ್ನೇ ಓದಿ.) ಅಪ್ಪ ಜಗಲಿಯಲ್ಲಿ ಕೂತಿದ್ದರು. ಮೂರನ್ನೂ ಕೈಗೆ ತೆಗೆದುಕೊಂಡು, ಮೂಲೆಗೆ ಮೂಲೆ ಸೇರಿಸಿ, ಬೆಳಕಿಗೆ ಹಿಡಿದು, ಗೋಡೆಯ ಗೆರೆಗಳು ಒಂದರ ಮೇಲೊಂದು ಬಂದವೇ ನೋಡಿದರು. ಆಮೇಲೆ ಅಡಿಕೆ ಚೀಲ ಹೊಲಿಯುವ ದಬ್ಬಣವನ್ನು ಗೋಡೆಯ ಸಂದಿಯಿಂದ ತೆಗೆದು, ನೆತ್ತಿಯ ಮರ ಮುಗಿಯುವ ತುದಿಯನ್ನು ಬೆರಳಿನಲ್ಲಿ ತೋರಿಸಿ, “ಇಲ್ಲಾ?” ಎಂದು ಕೇಳಿ, ಚುಚ್ಚಿದರು.

ಎರಡನೇ ಹಾಳೆಯಲ್ಲಿ ತೂತು ಕಿಟಕಿಯ ನಟ್ಟನಡುವೆ ಬಂದಿತ್ತು.

ನಮ್ಮ ಎಂಜಿನಿಯರಿನ ಪದ್ಧತಿಯಲ್ಲಿ ಮಾಡಿನ ಹಾಳೆಯಲ್ಲಿ ಗೋಡೆ ಬರೀ ತೆಳು ಗೆರೆ. ಕಿಟಕಿ, ಬಾಗಿಲು, ಹೆಡರ್ ಎಲ್ಲ ಗೋಡೆಯ ಹಾಳೆಯಲ್ಲಿ. ತ್ರಿಕೋನ ಗೋಡೆಗೆ ಮೊದಲು ಮಾಡಿನ ಭಾರ ಇರಲಿಲ್ಲ, ಅದಕ್ಕೆ ಅಲ್ಲಿ ಹೆಡರಿಗೆ ಬೇರೆ ಗುರುತು ಕೂಡ ಇರಲಿಲ್ಲ. ಟಿವೈಪಿ, ಎರಡು 2×6. ಹಾಳೆ ಬದಲಾಗಿತ್ತು, ಟಿವೈಪಿ ಬದಲಾಗಿರಲಿಲ್ಲ. ಐವತ್ತು ಚೀಲಕ್ಕೆ ಎರಡು ಕಡಿಮೆ ಸಿಮೆಂಟು ಐದೂವರೆ ಇಂಚಿನ ಎರಡು ಹಲಗೆಯ ನಡುಬೆನ್ನಿನ ಮೇಲೆ ಕೂತಿತ್ತು.

ಮೂರನೇ ಹಾಳೆಯಲ್ಲಿ ಆ ತೂತು ತಳಪಾಯದ ಗೋಡೆಯ ಮೇಲೇ ಬಂದಿತ್ತು, ಅಷ್ಟರಮಟ್ಟಿಗೆ ಸಮಾಧಾನ. ಅಪ್ಪ ದಬ್ಬಣ ಹಿಡಿದೇ ಇದ್ದರು. “ಮರಕ್ಕೆ ಎರಡು ತುದಿ ಇರ್ತದಲ?” ಇನ್ನೊಂದು ತುದಿಯನ್ನೂ ಚುಚ್ಚಿದರು. ಎರಡನೇ ಹಾಳೆಯಲ್ಲಿ ಅದು ಅಡುಗೆಮನೆ ಮತ್ತು ದೊಡ್ಡ ಕೋಣೆಯ ನಡುವಿನ ಒಳಗೋಡೆಗೆ ಬಂತು. ಮೂರನೇ ಹಾಳೆಯಲ್ಲಿ ಎರಡು ಜಾಯಿಸ್ಟ್‌ಗಳ ನಡುವೆ, ಬೋಳು ಕಾಗದದ ಮೇಲೆ. ಕೆಳಗೆ ತಳಪಾಯ ಇಲ್ಲ, ಗೋಡೆ ಇಲ್ಲ, ಒಬ್ಬ ಮನುಷ್ಯ ತೆವಳುವಷ್ಟು ಖಾಲಿ ಜಾಗ, ಅದರ ಕೆಳಗೆ ಮಣ್ಣು. ಕೆಂಪು ಮೋಡ ಇದರ ಸುತ್ತ ಇರಲಿಲ್ಲ. ಎಂಜಿನಿಯರು ಮೊದಲ ತುದಿಯಲ್ಲೇ ನಿಂತು ನನ್ನನ್ನು ಕೇಳಿದ್ದರು, ಎರಡನೆಯದಕ್ಕೆ ಇನ್ನೂ ಹೋಗಿರಲಿಲ್ಲ.

ಆ ರಾತ್ರಿ ಎರಡನ್ನೂ ಬರೆದು ಕಳಿಸಿದೆ. ಅವರು ಲೆಕ್ಕ ಮಾಡಿ ಕೊಟ್ಟದ್ದು: ಕಿಟಕಿಯ ಮೇಲೆ 11-7/8 ಇಂಚು ಆಳದ ಎಲ್‌ವಿಎಲ್ ಎರಡು ಹಲಗೆ, ಎರಡು ಬದಿಗೂ ಒಂದರ ಬದಲು ಎರಡೆರಡು ಜಾಕ್. ಒಳಗೋಡೆಯಲ್ಲಿ ಮೂರು 2×6 ಒಟ್ಟಿಗೆ ಮೊಳೆ ಹೊಡೆದ ಕಂಬ. ಅದರ ಕೆಳಗೆ ನೆಲದ ಜಾಯಿಸ್ಟ್‌ಗಳ ನಡುವಿನ ಸಂದಿಗೆ ಗಟ್ಟಿ ಮರದ ತುಂಡು, ಏಕೆಂದರೆ ಕಂಬ ತೆಳು ಶೀಟಿನ ನೆಲದ ಮೇಲೆ ನಿಂತರೆ ಅದನ್ನು ಜಜ್ಜಿಕೊಂಡು ಇಳಿಯುತ್ತದೆ. ಅದಕ್ಕೂ ಕೆಳಗೆ ಮತ್ತೊಂದು ಕಂಬ, ಕೊನೆಗೆ 24 ಇಂಚು ಚಚ್ಚೌಕದ ಕಾಂಕ್ರೀಟ್ ಪಾದ. ಅಲ್ಲಿನ ಮಣ್ಣಿಗೆ ಚದರಡಿಗೆ 1,500 ಪೌಂಡ್ ಎಂದು ಹಿಡಿದಿದ್ದರು. ನಾಲ್ಕು ಚದರಡಿಗೆ 6,000, ಸಾಕಾಯಿತು. ಇಷ್ಟೆಲ್ಲ ಆಗಿದ್ದು ಒಬ್ಬರಿಗೆ ಸೂರು ಬೇಡವೆನಿಸಿದ್ದಕ್ಕೆ.

ಅಂದಿನಿಂದ ನಾನು ಯಾವ ನಕ್ಷೆಯನ್ನೂ ಅಡ್ಡಡ್ಡ ಓದುವುದಿಲ್ಲ. ಮೊದಲು ನೆತ್ತಿಯಿಂದ ಒಂದು ಭಾರ ಹಿಡಿದುಕೊಂಡು ಮಣ್ಣಿನವರೆಗೆ ಇಳಿಯುತ್ತೇನೆ, ಆಮೇಲೆ ಇನ್ನೊಂದು. ಕಂಪ್ಯೂಟರಿನಲ್ಲಿ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡುವ ಸೌಕರ್ಯ ಇದೆ, ಅದನ್ನೇ ಬಳಸುತ್ತೇನೆ. ಆದರೂ ದೊಡ್ಡ ಬದಲಾವಣೆ ಬಂದಾಗ ಪ್ರಿಂಟ್ ತೆಗೆಸಿ ದಬ್ಬಣ ಹುಡುಕುವುದು ಬಿಟ್ಟಿಲ್ಲ. ಹುಡುಗನಿಗೂ ಹಳೆಯ ಪ್ರಿಂಟುಗಳನ್ನು ಕೊಟ್ಟು ಚುಚ್ಚಲು ಹೇಳಿದ್ದೇನೆ. ಸಾಫ್ಟ್‌ವೇರ್ ಆಮೇಲೆ ಕಲಿಯಲಿ.

ಉಳಿದದ್ದರಲ್ಲಿ ಗಾಳಿ ಮತ್ತು ಭೂಕಂಪದ ವಿಷಯ ದೊಡ್ಡದು. ನಮ್ಮ ಚಿರೆಕಲ್ಲಿನ ಮನೆ ತನ್ನ ಭಾರಕ್ಕೇ ಕೂತಿರುತ್ತದೆ, ಜೂನಿನ ಗಾಳಿಗೆ ಹೆಚ್ಚೆಂದರೆ ನಾಲ್ಕು ಹಂಚು ಹಾರುತ್ತವೆ. ಅವರ ಮನೆ ಹಗುರ, ಅದನ್ನು ನೆಲಕ್ಕೆ ಹಿಡಿದಿಡಬೇಕು. ಕೆಳಗಿನ ಪ್ಲೇಟನ್ನು ಕಾಂಕ್ರೀಟಿನಲ್ಲಿ ಹೂತ ಅರ್ಧ ಇಂಚಿನ ಬೋಲ್ಟುಗಳಿಗೆ ಬಿಗಿಯುತ್ತಾರೆ, ಒಂದರಿಂದೊಂದಕ್ಕೆ ಆರಡಿಗಿಂತ ಹೆಚ್ಚು ದೂರ ಇರುವಂತಿಲ್ಲ. ಕೆಲವು ಗೋಡೆಗಳನ್ನು ಆರಿಸಿ ಶಿಯರ್ ವಾಲ್, ಅಂದರೆ ಅಡ್ಡಕ್ಕೆ ತಳ್ಳುವ ಬಲ ತಡೆಯುವ ಗೋಡೆ, ಎಂದು ಗುರುತು ಹಾಕುತ್ತಾರೆ. ಅಲ್ಲಿ ಶೀಟಿನ ಅಂಚಿಗೆ ಆರಿಂಚಿಗೊಂದು ಮೊಳೆ, ನಡುವೆ ಹನ್ನೆರಡಕ್ಕೊಂದು. ಜೋರು ಬೇಕಾದಲ್ಲಿ ಅಂಚಿಗೆ ನಾಲ್ಕು, ಮೂರು ಇಂಚಿಗೊಂದು. ಗೋಡೆಯ ತುದಿಗಳು ಎದ್ದುಬರದಂತೆ ಕಬ್ಬಿಣದ ಹೋಲ್ಡೌನ್. ನಕ್ಷೆಯಲ್ಲಿ ಇದೆಲ್ಲ ಗೋಡೆಯ ಪಕ್ಕ ಒಂದು ಸಣ್ಣ ಅಂಕಿ ಅಷ್ಟೇ, ಆ ಅಂಕಿಯ ಅರ್ಥ ಇನ್ನೊಂದು ಹಾಳೆಯ ಕೋಷ್ಟಕದಲ್ಲಿ. ಮೊಳೆಯ ಹೆಸರೂ ತಮಾಷೆ: ‘16ಡಿ’ ಎಂದರೆ ಮೂರೂವರೆ ಇಂಚಿನ ಮೊಳೆ. ಆ ‘ಡಿ’ ಇಂಗ್ಲಿಷರ ಹಳೆಯ ಪೆನ್ನಿಯ ಗುರುತು, ರೋಮನ್ನರ ದಿನಾರಿಯಸ್ ನಾಣ್ಯದಿಂದ ಬಂದದ್ದು.

ಪ್ಲಂಬರುಗಳ ವಿಷಯ ಎರಡೂ ದೇಶದಲ್ಲಿ ಒಂದೇ. ಜಾಯಿಸ್ಟಿನ ಉದ್ದದ ನಡುವಿನ ಮೂರನೇ ಒಂದು ಭಾಗದಲ್ಲಿ ಕಚ್ಚು ತೆಗೆಯುವಂತಿಲ್ಲ, ತೂತು ಆಳದ ಮೂರನೇ ಒಂದು ಪಾಲು ಮೀರುವಂತಿಲ್ಲ, ಅಂಚಿನಿಂದ ಎರಡಿಂಚು ಬಿಟ್ಟಿರಬೇಕು ಎಂದು ಎಷ್ಟು ಬರೆದರೂ ಪೈಪ್ ಎದುರಾದಾಗ ಗರಗಸವೇ ಗೆಲ್ಲುತ್ತದೆ.

ಅಪ್ಪನಿಗೆ ಎಲ್ಲಕ್ಕಿಂತ ಹೊಟ್ಟೆಕಿಚ್ಚು ಮರದ ಮೇಲೆ. 1983ರಲ್ಲಿ ಸಾಲ್ಕಣಿ ಕಡೆಯ ಜನ ಮರ ಅಪ್ಪಿಕೊಂಡು ನಿಂತಾಗ ಅವರು ಆಗಷ್ಟೇ ಉಳಿ ಹಿಡಿದಿದ್ದರು. ಅಪ್ಪಿಕೋದವರ ಬಗ್ಗೆ ಅವರದು ಎರಡು ಮನಸ್ಸು. ಕಾಡು ಉಳಿದದ್ದು ಒಳ್ಳೆಯದೇ ಆಯಿತು ಎನ್ನುತ್ತಾರೆ, ಮರುಕ್ಷಣವೇ ಒಂದು ದಾರಂದಕ್ಕೆ ಮತ್ತಿ ಮರ ಹುಡುಕಿ ದಾಂಡೇಲಿ ಡಿಪೋದವರೆಗೆ ಹೋದ ಕಥೆ ತೆಗೆಯುತ್ತಾರೆ. ಅಲ್ಲಿ ಡಗ್ಲಾಸ್ ಫರ್ ಮರ ಲಾರಿಗಟ್ಟಲೆ ಸೈಟಿಗೆ ಬಂದು ಬೀಳುವುದು ನೋಡಿದರೆ ಅವರಿಗೆ ಸಹಿಸುವುದಿಲ್ಲ. ಅಲ್ಲಿನ ಲೆಕ್ಕ ಬೋರ್ಡ್ ಫೂಟಿನಲ್ಲಿ: ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪ. ಹನ್ನೆರಡು ಸೇರಿದರೆ ನಮ್ಮ ಒಂದು ಸಿಎಫ್‌ಟಿ, ಅಂದರೆ ಘನ ಅಡಿ. ಇದನ್ನು ಹೇಳಿಕೊಟ್ಟ ಮೇಲೆ ನನ್ನ ಪ್ರತಿ ಮನೆಯ ಮರವನ್ನೂ ಅವರು ಸಿಎಫ್‌ಟಿಗೆ ತಿರುಗಿಸಿ, ಸಾಗವಾನಿಯ ಶಿರಸಿ ರೇಟಿನಿಂದ ಗುಣಿಸಿ, ಕೋಟಿಗಳಲ್ಲಿ ಮಾತಾಡತೊಡಗಿದ್ದಾರೆ. ಅವರಿಗೆ ಹಿಡಿಸಿದ ಇನ್ನೊಂದು ಸಂಗತಿ ಗ್ರೇಡ್ ಮುದ್ರೆ. ಪ್ರತಿ ಕೋಲಿನ ಮೇಲೂ ಗಿರಣಿಯ ನಂಬರು, ಜಾತಿ, ದರ್ಜೆ, ಒಣಗಿದ್ದೋ ಹಸಿಯೋ ಎಂದು ಒತ್ತಿರುತ್ತಾರೆ. “ನಮ್ಮ ಫಾರೆಸ್ಟಿನವರು ದಿಮ್ಮಿಗೆ ಸುತ್ತಿಗೆ ಮುದ್ರೆ ಹೊಡೀತಾರಲ, ಹಾಗೆ.”

ಆ ಕಿಟಕಿಯ ಮನೆ ಸೆಪ್ಟೆಂಬರಿನಲ್ಲಿ ಹಂದರ ಎದ್ದಿತು. ಎಂಜಿನಿಯರು ಸೈಟಿಗೆ ಹೋದಾಗ ತೆಗೆದ ಫೋಟೋ ಕಳಿಸಿದ್ದರು. ತ್ರಿಕೋನ ಗೋಡೆ, ನಡುವೆ ಕಿಟಕಿಯ ಬಾಯಿ, ಮೇಲೆ ಆಳದ ಹೆಡರ್, ಎರಡು ಕಡೆ ಎರಡೆರಡು ಜಾಕ್, ಹೆಡರಿನ ನೆತ್ತಿಯಿಂದ ರಿಡ್ಜ್‌ವರೆಗೆ ಕಂಬ. ನಾನು ಬರೆದ ಹಾಗೆಯೇ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ, ಎಡಗಡೆಯ ಜಾಕ್‌ನ ನಡುವಿಗೆ ತಂದು ನಿಲ್ಲಿಸಿದರು. ತುಂಬ ಹೊತ್ತು ನೋಡಿದರು.

“ಇಲ್ಲಿ ಗಂಟು ಇದ್ಯಲೇ.”

ಇರ್ತದಪ್ಪ, ಅದು ನಂಬರ್ 2 ಗ್ರೇಡು, ಅದರಲ್ಲಿ ಇಷ್ಟು ದೊಡ್ಡ ಗಂಟಿಗೆ ಅವಕಾಶ ಇದೆ, ಲೆಕ್ಕದಲ್ಲಿ ಅದನ್ನೂ ಹಿಡಿದಿರ್ತಾರೆ ಅಂದೆ.

“ಎರಡನೇ ನಂಬರ್ ಮಾಲು ಅಂತ ನಕ್ಷೆಯಲ್ಲೇ ಬರೆದು ಒಪ್ಪಿಕೊಂಡು ಹಾಕ್ತಾರಾ?”

ಹೌದು ಅಂದೆ.

“ಚಲೋ ಜನ,” ಎಂದು ಫೋನು ನನ್ನ ಕೈಗೆ ಕೊಟ್ಟು, ಕವಳದ ಡಬ್ಬಿ ಎಲ್ಲಿಟ್ಟಿದ್ದೀ ಎಂದು ಅಮ್ಮನನ್ನು ಕೂಗಿದರು.